ಓದಿ ಧ್ವನಿಮುದ್ರಿಸಲು ಸಾಮಾನ್ಯ ಮೈಕ್ ಸಾಕೇ, ವೃತ್ತಿಪರ ದರ್ಜೆಯದೇ ಬೇಕೇ?

ವಾಚಕಿ (ಪ್ರಶ್ನೆ)

ನಮಸ್ಕಾರ. ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವ ಕೆಲಸವನ್ನು ಮನೆಯಲ್ಲಿಯೇ ಆರಂಭಿಸಬೇಕೆಂದಿದ್ದೇನೆ. ದಿನಕ್ಕೆ ಒಂದೆರಡು ಗಂಟೆಯ ಓದು, ದನಿ ನನ್ನದೊಂದೇ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಯುಎಸ್‌ಬಿ ಮೈಕ್ ಒಂದು ಆಯ್ಕೆ. ಸ್ಟುಡಿಯೋಗಳಲ್ಲಿರುವಂಥ ಎಕ್ಸ್‌ಎಲ್‌ಆರ್ (ಮೂರು ಪಿನ್‌ಗಳ ಜೋಡಣೆಯ) ಮೈಕ್, ಅದರ ಸಂಕೇತವನ್ನು ವರ್ಧಿಸಿ ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸ್, ಸ್ಟ್ಯಾಂಡ್, ಕೇಬಲ್ ಎಲ್ಲವನ್ನೂ ಕೊಳ್ಳುವುದು ಇನ್ನೊಂದು. ಅದರ ಖರ್ಚು ಮೊದಲನೆಯದರ ಮೂರು ಪಟ್ಟನ್ನೂ ಮೀರುತ್ತದೆ. ವಿಮರ್ಶೆಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರು ಇಷ್ಟೇ ಸಾಕು ಎಂದರೆ ಮತ್ತೊಬ್ಬರು ಕೊಳ್ಳುವುದಾದರೆ ವೃತ್ತಿಪರ ದರ್ಜೆಯದನ್ನೇ ಕೊಳ್ಳಿ ಎನ್ನುತ್ತಾರೆ. ನನ್ನ ಕೋಣೆಯ ಗೋಡೆಗಳು ಬರಿದಾಗಿವೆ, ನೆಲಕ್ಕೆ ಹಾಸಿರುವುದು ಟೈಲ್ಸ್. ಮುದ್ರಣಗಳನ್ನು ಇಟ್ಟುಕೊಳ್ಳಲು ಎಂಟರ್‌ಪ್ರೈಸ್ ದರ್ಜೆಯ (ದೊಡ್ಡ ಸಂಸ್ಥೆಗಳ ಸರ್ವರ್‌ಗಳಿಗೆಂದು ಮಾಡಿದ) ಹಾರ್ಡ್ ಡಿಸ್ಕ್ ಬೇಕೆಂಬ ಸಲಹೆಯೂ ಬಂದಿದೆ. ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ಶ್ರುತಿಪೆಟ್ಟಿಗೆ

ತಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಮೈಕ್‌ಗಳ ವಿಷಯಕ್ಕಿಂತ ಬರಿದಾದ ಗೋಡೆಗಳ ವಿಷಯ. ಕಂಡೆನ್ಸರ್ ಎಂಬ, ವಿದ್ಯುತ್ ಪೂರೈಕೆಯಿಂದ ನಡೆಯುವ ಸೂಕ್ಷ್ಮ ಬಗೆಯ ಮೈಕ್ ತಮ್ಮ ದನಿಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆಯೋ ಗೋಡೆಗೆ ಬಡಿದು ಮರಳುವ ದನಿಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ, ಮತ್ತು ಒಮ್ಮೆ ಮುದ್ರಣದೊಳಗೆ ಸೇರಿದ ಆ ಮರುದನಿಯನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ನೇರ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ಮರುದನಿಯಾದರೋ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ 40 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 10 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್‌ನಷ್ಟು ಲಾಭ ಬಿಡಿಗಾಸಿನ ಖರ್ಚಿಲ್ಲದೆ ಸಿಗುತ್ತದೆ. ಕುರ್ಚಿಯ ಹಿಂದೆಯೂ ಪಕ್ಕಕ್ಕೂ ದಪ್ಪ ಕಂಬಳಿ ಇಳಿಬಿಟ್ಟು, ಮೈಕನ್ನು ಬಾಯಿಯ ನೇರಕ್ಕಿಡದೆ ತುಸು ಓರೆಯಾಗಿಟ್ಟು ಓದಿ ನೋಡಿ. 'ಪ'ಕಾರದ ಉಸಿರು ಬಡಿಯುವುದೂ ಕಡಿಮೆಯಾಗುತ್ತದೆ.

ಎಕ್ಸ್‌ಎಲ್‌ಆರ್ ಜೋಡಣೆ ಹುಟ್ಟಿದ್ದೇ ಬೇರೆ ಅಗತ್ಯಕ್ಕೆ. ಅದರ ಮೂರು ಪಿನ್‌ಗಳಲ್ಲಿ ಎರಡು ಒಂದೇ ಸಂಕೇತವನ್ನು ವಿರುದ್ಧ ಧ್ರುವಗಳಲ್ಲಿ ಒಯ್ಯುತ್ತವೆ. ಆ ಕೊನೆಯಲ್ಲಿ ಇವೆರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿಕೊಂಡ ಗುಂಯ್‌ಗುಡುವಿಕೆ ಅಳಿಸಿಹೋಗುತ್ತದೆ. ವೇದಿಕೆಯಿಂದ ಮಿಕ್ಸರ್‌ವರೆಗೆ ಹತ್ತಾರು ಮೀಟರ್ ಕೇಬಲ್ ಎಳೆಯುವವರಿಗೆ ಇದು ಅನಿವಾರ್ಯ. ಮೇಜಿನ ಮೇಲಿನ ಒಂದು ಮೀಟರ್ ಹಾದಿಯಲ್ಲಿ ಅದರಿಂದ ಬರುವ ಪ್ರಯೋಜನ ಅಲ್ಪ. ಇನ್ನೊಂದು ತೊಡಕೂ ಇದೆ. ಸ್ಟುಡಿಯೋಗಳಲ್ಲಿ ಹೆಸರಾದ ಕೆಲವು ಡೈನಮಿಕ್ (ಕಾಂತ ಮತ್ತು ತಂತಿಸುರುಳಿಯಿಂದ ಕೆಲಸ ಮಾಡುವ) ಮೈಕ್‌ಗಳ ಸಂಕೇತ ಎಷ್ಟು ಕ್ಷೀಣವೆಂದರೆ ಅವಕ್ಕೆ 60 ಡೆಸಿಬೆಲ್‌ನಷ್ಟು ವರ್ಧನೆ ಬೇಕು. ಅಗ್ಗದ ಇಂಟರ್‌ಫೇಸಿನ ವರ್ಧನೆಯ ಗುಬ್ಬಿಯನ್ನು ಕೊನೆಯವರೆಗೆ ತಿರುಗಿಸಿದಾಗ ಕೇಳಿಸುವ ಹಿಸ್ ಸದ್ದು ಆ ದುಬಾರಿ ಮೈಕಿನ ಗುಣವನ್ನೆಲ್ಲ ನುಂಗಿಬಿಡುತ್ತದೆ. ನನ್ನ ಮತ ಯುಎಸ್‌ಬಿ ಮೈಕಿಗೇ, ಉಳಿದ ಹಣ ಕಂಬಳಿಗೆ.

ಬೆಸುಗೆಕಡ್ಡಿ

ಹಿಂದಿನವರು ಹೇಳಿದ್ದನ್ನು ದನಿಯ ಮಟ್ಟಿಗೆ ಒಪ್ಪುತ್ತೇನೆ, ಬಾಳಿಕೆಯ ಮಟ್ಟಿಗೆ ಒಪ್ಪುವುದಿಲ್ಲ. ಯುಎಸ್‌ಬಿ ಮೈಕಿನಲ್ಲಿ ಮೈಕ್, ವರ್ಧಕ, ಡಿಜಿಟಲ್ ಪರಿವರ್ತಕ ಮೂರೂ ಒಂದೇ ಒಡಲಿನಲ್ಲಿರುತ್ತವೆ. ದಿನವೂ ಕಿತ್ತು ಸಿಕ್ಕಿಸುವ ಆ ಪುಟ್ಟ ಸಾಕೆಟ್ ಸಡಿಲವಾದರೆ ಮೂರೂ ಒಟ್ಟಿಗೆ ಮೂಲೆ ಸೇರುತ್ತವೆ. ದುರಸ್ತಿಗೆ ನನ್ನ ಮೇಜಿಗೆ ಬರುವ ಇಂಥ ಮೈಕ್‌ಗಳಲ್ಲಿ ಒಳಗಿನ ಕ್ಯಾಪ್ಸೂಲ್ (ದನಿಯನ್ನು ಹಿಡಿಯುವ ಭಾಗ) ಚೆನ್ನಾಗಿಯೇ ಇದ್ದು, ಸಾಕೆಟ್ಟಿನ ಬುಡದ ಬೆಸುಗೆ ಮಾತ್ರ ಬೋರ್ಡಿನಿಂದ ಎದ್ದಿರುವುದು ಸಾಮಾನ್ಯ. ಇದಕ್ಕೆ ವ್ಯತಿರಿಕ್ತವಾಗಿ, 1966ರಲ್ಲಿ ಬಂದ ಶ್ಯೂರ್ ಕಂಪನಿಯ ಎಸ್‌ಎಂ58 ಮೈಕ್ ಇಂದಿಗೂ ತಯಾರಾಗುತ್ತಿದೆ, ಅದರ ಜಾಲರಿಯೂ ಕ್ಯಾಪ್ಸೂಲೂ ಬಿಡಿಯಾಗಿ ಸಿಗುತ್ತವೆ. ವೃತ್ತಿಪರ ದರ್ಜೆ ಎಂದರೆ ನನ್ನ ಲೆಕ್ಕದಲ್ಲಿ ಇದೇ: ಕೆಟ್ಟ ಭಾಗವನ್ನಷ್ಟೇ ಬದಲಿಸಿ ಕೆಲಸ ಮುಂದುವರಿಸಲು ಸಾಧ್ಯವಾಗಬೇಕು. ಕೊಳ್ಳುವ ಮುನ್ನ ವಿಮರ್ಶೆಗಿಂತ ಮೊದಲು ತಯಾರಕರ ಬಿಡಿಭಾಗಗಳ ಪಟ್ಟಿಯನ್ನೂ ವಾರಂಟಿಯ ಷರತ್ತುಗಳನ್ನೂ ಓದಿ. ಗೃಹಬಳಕೆಯ ಸಲಕರಣೆಗಳಲ್ಲಿ ಹಲವು ವಾಣಿಜ್ಯ ಬಳಕೆಗೆ ವಾರಂಟಿ ಕೊಡುವುದಿಲ್ಲ. ತಾವು ಮಾಡುವುದು ಸೇವೆಯೇ ಆದರೂ ಆ ಸಾಲನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಡತಪಾಲ

ಹಾರ್ಡ್ ಡಿಸ್ಕಿನ ವಿಷಯಕ್ಕಷ್ಟೇ ಉತ್ತರಿಸುತ್ತೇನೆ. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಬಾರಿ ದನಿಯ ಅಳತೆ), 24 ಬಿಟ್ (ಪ್ರತಿ ಅಳತೆಯ ಗಾತ್ರ), ಒಂದೇ ಚಾನೆಲ್ ಎಂದು ಹಿಡಿದರೆ ಒಂದು ಗಂಟೆಯ ಓದು ಸುಮಾರು 520 ಮೆಗಾಬೈಟ್ ಆಗುತ್ತದೆ. ನೂರು ಗಂಟೆಗೆ 52 ಗಿಗಾಬೈಟ್. ಎಂಟರ್‌ಪ್ರೈಸ್ ಡಿಸ್ಕುಗಳನ್ನು ಸಾಮಾನ್ಯವಾಗಿ ವರ್ಷಕ್ಕೆ 550 ಟೆರಾಬೈಟ್ ಓದು-ಬರಹದ ಹೊರೆಗೆ ರೂಪಿಸಿರುತ್ತಾರೆ. ತಮ್ಮ ಕೆಲಸ ಅದರ ಹತ್ತಿರವೂ ಸುಳಿಯುವುದಿಲ್ಲ.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಓದಲಾಗದ ಒಂದು ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ಭಾಗ) ಎದುರಾದಾಗ ಮನೆಬಳಕೆಯ ಡಿಸ್ಕ್ ಬಹಳ ಹೊತ್ತು ಮತ್ತೆಮತ್ತೆ ಪ್ರಯತ್ನಿಸುತ್ತದೆ. ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್ ವ್ಯವಸ್ಥೆಗೆಂದು ಮಾಡಿದ, ಎಂಟರ್‌ಪ್ರೈಸ್ ಬಗೆಯ ಡಿಸ್ಕ್ ಸಾಮಾನ್ಯವಾಗಿ ಏಳು ಸೆಕೆಂಡಿಗೇ ಕೈಚೆಲ್ಲುತ್ತದೆ, ಏಕೆಂದರೆ ಅದೇ ದತ್ತಾಂಶವನ್ನು ಪಕ್ಕದ ಡಿಸ್ಕುಗಳಿಂದ ಪಡೆಯಬಹುದೆಂಬ ಭರವಸೆಯ ಮೇಲೆಯೇ ಅದರ ವಿನ್ಯಾಸ ನಿಂತಿದೆ. ಒಂಟಿಯಾಗಿ ಬಳಸುವ ಡಿಸ್ಕಿಗೆ ಆ ಭರವಸೆ ಎಲ್ಲಿಯದು? ಜೊತೆಗೆ ಇಂಥ ಡಿಸ್ಕುಗಳ ಕಟಕಟ ಸದ್ದು ತಮ್ಮ ಮೈಕಿಗೂ ಕೇಳಿಸೀತು. ಎರಡು ಸಾಮಾನ್ಯ ಡಿಸ್ಕುಗಳಲ್ಲಿ ಒಂದೊಂದು ಪ್ರತಿ ಮಾಡಿ, ಎರಡನೆಯದನ್ನು ಬೇರೆ ಕಟ್ಟಡದಲ್ಲಿಡಿ.

ವಾಚಕಿ

ಎಲ್ಲರಿಗೂ ಧನ್ಯವಾದಗಳು. ಡಿಸ್ಕಿನ ವಿಷಯ ಇತ್ಯರ್ಥವಾಯಿತು. ಮೈಕಿನ ತಾಂತ್ರಿಕ ವಿವರಗಳ ಪುಟದಲ್ಲಿ ಯಾವ ಸಾಲುಗಳನ್ನು ನಂಬಬೇಕು?

ಶ್ರುತಿಪೆಟ್ಟಿಗೆ

ಕಂಡೆನ್ಸರ್ ಆದರೆ ಮೊದಲು ಸ್ವಂತ ಗದ್ದಲದ (ಮೈಕಿನೊಳಗೇ ಹುಟ್ಟುವ ಸದ್ದಿನ) ಅಂಕಿಯನ್ನು ನೋಡಿ. ಡಿಬಿ-ಎ (ಕಿವಿಯ ಸಂವೇದನೆಗೆ ಹೊಂದಿಸಿದ ಡೆಸಿಬೆಲ್) ಮಾಪನದಲ್ಲಿ ಅದು 15ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಓದಿನ ನಡುವಣ ಮೌನ ನಿಜಕ್ಕೂ ಮೌನವಾಗಿರುತ್ತದೆ. '20ರಿಂದ 20,000 ಹರ್ಟ್ಸ್' ಎಂದಷ್ಟೇ ಬರೆದು, ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂಬುದನ್ನು ಹೇಳದಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಮುದ್ರಣದ ದರ 192 ಕಿಲೋಹರ್ಟ್ಸ್ ಎಂಬುದಕ್ಕೂ ಮರುಳಾಗಬೇಕಾಗಿಲ್ಲ. 48 ಕಿಲೋಹರ್ಟ್ಸ್ ಮುದ್ರಣವೇ 24 ಕಿಲೋಹರ್ಟ್ಸ್‌ಗೆ ತುಸು ಕೆಳಗಿನವರೆಗಿನ ದನಿಯನ್ನು ಹಿಡಿಯುತ್ತದೆ, ಮನುಷ್ಯನ ಕಿವಿಯ ಮಿತಿ ಸುಮಾರು 20.

ಬಾಳಿಕೆಯ ಬಗ್ಗೆ ಬೆಸುಗೆಕಡ್ಡಿಯವರು ಎತ್ತಿದ ಆಕ್ಷೇಪ ಸರಿಯಾದದ್ದೇ. ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಇರುವ ಡೈನಮಿಕ್ ಮೈಕ್‌ಗಳು ದೊರೆಯುತ್ತವೆ, ಸಾಕೆಟ್ ಕೈಕೊಟ್ಟ ದಿನ ಇಂಟರ್‌ಫೇಸ್ ಕೊಂಡರಾಯಿತು. ಸಾಧ್ಯವಾದರೆ ಒಂದೆರಡು ಮೈಕ್‌ಗಳನ್ನು ಎರವಲು ತಂದು, ಅದೇ ಕುರ್ಚಿಯಲ್ಲಿ ಕುಳಿತು ಅದೇ ಪುಟವನ್ನು ಓದಿ ಮುದ್ರಿಸಿ. ಹೋಲಿಸುವ ಮೊದಲು ಎಲ್ಲ ಮುದ್ರಣಗಳ ದನಿಮಟ್ಟವನ್ನು ಸಮ ಮಾಡಿಕೊಳ್ಳಿ, ಇಲ್ಲವಾದರೆ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎನಿಸಿಬಿಡುತ್ತದೆ.