ಐದನೇ ತುಂಡು ಕಳೆದುಹೋಗಿದೆ, ಆರಕ್ಕೆ ಹಾರಲಾ? (ನೀವು ಈಗ ಏನು ಓದ್ತಾ ಇದ್ದೀರಿ, ಅದನ್ನೂ ಹೇಳಿ)

ನಾಲ್ಕನೇ ಸೀಟು (ಡೊಂಬಿವಲಿ)

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನಾನು ಪುಸ್ತಕ ಕತ್ತರಿಸಿದ್ದೇನೆ.

ಬೈಯುವ ಮುಂಚೆ ಪೂರ್ತಿ ಕೇಳಿ. ನನ್ನ ಹತ್ತಿರ ಇದ್ದದ್ದು ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ಒಂದೇ ಸಂಪುಟದ್ದು. ಸಾವಿರ ಪುಟದ ಮೇಲೆ. ಅಡುಗೆಮನೆಯ ತಕ್ಕಡಿಗೆ ಹಾಕಿದರೆ ಒಂದು ಕಿಲೋ ದಾಟಿತು. ನಾನು ದಿನಾ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಹೋಗುವವಳು. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಪುಸ್ತಕಕ್ಕೆ. ಠಾಣೆ ಬರುವಷ್ಟರಲ್ಲಿ ಮಣಿಕಟ್ಟು ಸೋತುಹೋಗುತ್ತದೆ. ಘಾಟ್‌ಕೋಪರ್ ದಾಟಿದ ಮೇಲೆ ಅದೃಷ್ಟ ಇದ್ದರೆ ನಾಲ್ಕನೇ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ತೊಡೆ ಊರುವಷ್ಟು ಜಾಗ. ಅಲ್ಲಿ ಕೂತು ಅಂಥ ಇಟ್ಟಿಗೆಯನ್ನು ಬಿಡಿಸಿಕೊಂಡರೆ ಪಕ್ಕದವರ ಮೂಗಿಗೆ ತಾಗುತ್ತದೆ.

ಆಮೇಲೆ ಒಂದು ಸಂಗತಿ ಗೊತ್ತಾಯಿತು. ಟೋಲ್ಕಿನ್ ಇದನ್ನು ಬರೆದದ್ದು ಒಂದೇ ಕಾದಂಬರಿ ಅಂತ. ಯುದ್ಧ ಮುಗಿದು ಹೆಚ್ಚು ವರ್ಷ ಆಗಿರಲಿಲ್ಲ, ಕಾಗದ ತುಟ್ಟಿ. ಅದಕ್ಕೆ ಪ್ರಕಾಶಕರು 1954–55ರಲ್ಲಿ ಮೂರು ಸಂಪುಟ ಮಾಡಿ ಬಿಟ್ಟರು. ಒಳಗೆ ನೋಡಿದರೆ ಲೇಖಕರೇ ಮಾಡಿದ ಆರು ಭಾಗಗಳಿವೆ. ಅವರು ಕಾಗದದ ಸಲುವಾಗಿ ಮೂರು ಮಾಡಬಹುದಾದರೆ ನಾನು ಲೋಕಲ್ ಸಲುವಾಗಿ ಆರು ಮಾಡಬಾರದಾ? ಒಂದು ಭಾನುವಾರ ಕಟ್ಟರ್ ತಗೊಂಡು ಕೂತೆ. ಬೆನ್ನಿಗೆ ಫೆವಿಕಾಲ್ ಸವರಿ ಬ್ರೌನ್ ಟೇಪ್ ಅಂಟಿಸಿದೆ. ನಮ್ಮವರು ನೋಡಲಾಗದೆ ಎದ್ದು ಬಾಲ್ಕನಿಗೆ ಹೋದರು.

ಬೆಳಿಗ್ಗೆ ಓದಿದ್ದನ್ನು ಸಂಜೆ ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಹೇಳುತ್ತೇನೆ, ನನ್ನ ಕುಮಟಾ ಮರಾಠಿಯಲ್ಲಿ. ಶುರುವಾದದ್ದು ಸುಮ್ನೆ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ತಾಯಿಯೊಬ್ಬರು ಪುಸ್ತಕಕ್ಕೆ ಏನಾಯಿತು, ಯಾಕೆ ಹೀಗೆ ಹರಿದಿದೆ ಅಂತ ಕೇಳಿದರು. ಈಗ ಐದು ಜನ ಕೇಳುತ್ತಾರೆ. ಕತೆಯ ನಾಯಕ ಫ್ರೋಡೊ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ಅವನು ‘ತೋ ಬಾರ್ಕಾ’, ಅಂದರೆ ಆ ಸಣ್ಣವನು. ಗೊಲಮ್ ಮೇಲೆ ಎಲ್ಲರಿಗೂ ಕನಿಕರ. ‘ಐನೂರು ವರ್ಷದ ಮುದುಕ, ಊಟ ಇಲ್ಲ ನಿದ್ದೆ ಇಲ್ಲ, ಸ್ವಲ್ಪ ಕಿರಿಕಿರಿ ಮಾಡದೆ ಇರ್ತಾನಾ’ ಅಂತ ಬಟಾಣಿ ತಾಯಿಯ ವಾದ.

ಕಳೆದ ಸೋಮವಾರ ನಾಲ್ಕನೇ ತುಂಡು ಮುಗಿಯಿತು. ಎಲ್ಲಿ ಮುಗಿಯುತ್ತದೆ ಅಂತ ಓದಿದವರಿಗೆ ಗೊತ್ತು. ಫ್ರೋಡೊ ಶತ್ರುಗಳ ಕೈಯಲ್ಲಿ, ಅವನ ಜೊತೆಗಾರ ಸ್ಯಾಮ್ ಬಾಗಿಲ ಹೊರಗೆ. ಮಂಗಳವಾರ ಐದನೇದನ್ನು ಟಿಫಿನ್ ಚೀಲದ ಪಕ್ಕ ಮೇಲಿನ ರ‍್ಯಾಕಿನಲ್ಲಿ ಇಟ್ಟೆ. ಸಿಎಸ್‌ಎಂಟಿಯಲ್ಲಿ ಇಳಿದಾಗ ಟಿಫಿನ್ ಕೈಯಲ್ಲಿತ್ತು. ಪುಸ್ತಕ ಗಾಡಿಯ ಜೊತೆ ವಾಪಸ್ ಹೋಯಿತು. ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಏನು ಕಳೆದಿದೆ ಅಂದರು. ಪುಸ್ತಕದ ಆರರಲ್ಲಿ ಒಂದು ಪಾಲು ಅಂದೆ. ಅವರು ಪೆನ್ನು ಕೆಳಗಿಟ್ಟರು.

ಈಗ ಪ್ರಶ್ನೆ. ಆರನೇ ತುಂಡನ್ನು ಇಣುಕಿ ನೋಡಿದೆ. ಅದು ಶುರುವಾಗುವುದೇ ಸ್ಯಾಮ್‌ನಿಂದ, ನಾಲ್ಕು ಬಿಟ್ಟ ಜಾಗದಿಂದಲೇ. ಹಾಗಾದರೆ ಐದು ಬಿಟ್ಟು ನೇರ ಹೋಗಬಹುದು ಅಲ್ವಾ? ಸಿನಿಮಾ ನಾನು ನೋಡಿಲ್ಲ. ದಯವಿಟ್ಟು ಕತೆ ಬಿಟ್ಟುಕೊಡಬೇಡಿ.

ಜೊತೆಗೆ ನೀವು ಈಗ ಓದುತ್ತಿರುವುದನ್ನೂ ಹೇಳಿ. ಹೆಸರು ಹೇಳಿದರೆ ಸಾಲದು. ಎಷ್ಟನೇ ಪುಟ, ಮುಂದುವರಿಸ್ತೀರಾ ಅಥವಾ ಬಿಡ್ತೀರಾ?

ಹದಿನಾಲ್ಕು ಸಂಪುಟ (ಐರೋಲಿ)

ಅಕ್ಕಾ, ಕಟ್ಟರ್ ವಿಷಯ ಓದಿ ಹೊಟ್ಟೆ ತೊಳಸಿತು. ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವನು ನಾನು. ಆದರೆ ಆರಕ್ಕೆ ಹಾರಿ, ತಲೆ ಕೆಡಿಸ್ಕೋಬೇಡಿ.

ನನ್ನದು ರಾಬರ್ಟ್ ಜೋರ್ಡನ್ ಅವರ ‘ವೀಲ್ ಆಫ್ ಟೈಮ್’. ಹತ್ತನೇ ಸಂಪುಟ, 312ನೇ ಪುಟ. ಒಂಬತ್ತನೆಯದರ ಕೊನೆಯಲ್ಲಿ ಒಂದು ಭಾರೀ ಘಟನೆ ಆಗುತ್ತದೆ. ಹತ್ತನೆಯದು ತೆಗೆದರೆ ಎಲ್ಲರೂ ಬೇರೆ ಬೇರೆ ಊರಲ್ಲಿ ನಿಂತು ‘ಆ ದಿಕ್ಕಿನಲ್ಲಿ ಏನೋ ಆಯ್ತಲ್ಲ’ ಅಂತ ಮಾತಾಡುತ್ತಿದ್ದಾರೆ. ಚಹಾ ಕುಡಿಯುತ್ತಾರೆ, ಲಂಗ ಸರಿಮಾಡಿಕೊಳ್ಳುತ್ತಾರೆ. ಥೇಟ್ ನಮ್ಮ ಸೊಸೈಟಿ ಮೀಟಿಂಗ್. ಇಂಥ ಸಂಪುಟ ಟ್ರೇನಿನಲ್ಲಿ ಬಿಟ್ಟುಬಂದಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದೆ.

ಬಿಡ್ತೀಯಾ ಅಂದರೆ, ಇಲ್ಲ. ಒಂಬತ್ತು ಓದಿ ಆಗಿದೆಯಲ್ಲ. ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟ ಟಿಪ್ಪಣಿ ಇಟ್ಟುಕೊಂಡು ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದರು, 2013ಕ್ಕೆ ಮುಗಿಯಿತು. ಮುಗಿದಿದೆ ಅನ್ನೋದೇ ನನಗೆ ದೊಡ್ಡ ಸಮಾಧಾನ. ನನ್ನ ರೂಮ್‌ಮೇಟ್ ‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಮಾರ್ಟಿನ್ ಅಭಿಮಾನಿ. ಆ ಸರಣಿಯ ಐದನೇ ಪುಸ್ತಕ 2011ರಲ್ಲಿ ಬಂದದ್ದು. ಅವನ ಆರನೇದು ಕಳೆದುಹೋಗಿಲ್ಲ, ಹುಟ್ಟೇ ಇಲ್ಲ.

ಎಬಿಸಿ ಚೌಕ್ (ಪುಣೆ)

ಇವರ ಮಾತು ಕೇಳಬೇಡ್ರಿ. ಹಾರಬೇಡಿ!

ಕತೆ ಹೇಳದೆ ಕಾರಣ ಹೇಳುತ್ತೇನೆ. ಟೋಲ್ಕಿನ್ ಬೇಕಂತಲೇ ಹಾಗೆ ಕಟ್ಟಿದ್ದಾರೆ. ಮೂರನೇದರಲ್ಲಿ ಒಂದು ತಂಡ, ನಾಲ್ಕರಲ್ಲಿ ಫ್ರೋಡೊ ಮತ್ತು ಸ್ಯಾಮ್, ಐದರಲ್ಲಿ ಮತ್ತೆ ಮೊದಲಿನ ತಂಡ. ಐದು ಓದುವಷ್ಟು ಹೊತ್ತೂ ಫ್ರೋಡೊಗೆ ಏನಾಯಿತು ಅಂತ ನಿಮಗೆ ಗೊತ್ತಿರಬಾರದು, ಆ ತಂಡಕ್ಕೂ ಗೊತ್ತಿಲ್ಲ. ಐದರ ಕೊನೆಯಲ್ಲಿ ಒಬ್ಬ ಒಂದು ಗಂಟು ತಂದು ಬಿಚ್ಚಿ ತೋರಿಸುತ್ತಾನೆ. ಅದರಲ್ಲಿ ಏನಿದೆ ಅಂತ ಹೇಳೋದಿಲ್ಲ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ನೀರು ಕುಡಿದು ಬಂದೆ. ನೀವು ಆರು ಓದಿಬಿಟ್ಟು ಆಮೇಲೆ ಐದಕ್ಕೆ ಬಂದರೆ ಆ ಗಂಟು ಬರೀ ಅಗಸರ ಬಟ್ಟೆ ಗಂಟಾಗುತ್ತದೆ.

ನಾನೀಗ ಓದುತ್ತಿರುವುದು ಮಗಳ ಜೊತೆ, ಮರಾಠಿಯಲ್ಲಿ, ಭಾ. ರಾ. ಭಾಗವತ್ ಅವರ ‘ಫಾಸ್ಟರ್ ಫೇಣೆ’. ಅಪ್ಪಾ ಬಳವಂತ ಚೌಕದಲ್ಲಿ ಅವಳ ಶಾಲೆ ಪುಸ್ತಕಕ್ಕೆ ಹೋದಾಗ ಸಿಕ್ಕಿತು. 88ನೇ ಪುಟ. ಬನೇಶ್ ಫೇಣೆ ಅಂತ ಹುಡುಗ, ಫುರಸುಂಗಿಯವನು, ಪುಣೆಗೆ ಓದಲು ಬಂದವನು. ಸೈಕಲ್ ಇದೆ, ಗಟ್ಟಿ ತಲೆ ಇದೆ, ಮಂತ್ರ ತಂತ್ರ ಇಲ್ಲ. ಏನಾದರೂ ಹೊಳೆದರೆ ನಾಲಿಗೆಯಲ್ಲಿ ‘ಟ್ಟಾಕ್’ ಅಂತ ಸದ್ದು ಮಾಡುತ್ತಾನೆ. ಈಗ ನಮ್ಮ ಮನೆಯಲ್ಲಿ ಪ್ರತಿ ಐದು ನಿಮಿಷಕ್ಕೊಂದು ಟ್ಟಾಕ್. ನಾನು ಧಾರವಾಡದವನು, ನನ್ನ ಮರಾಠಿ ಓದು ನಿಧಾನ, ಆಕೆ ತಿದ್ದುತ್ತಾಳೆ. ಫುರಸುಂಗಿ ನಮ್ಮ ಆಫೀಸಿನಿಂದ ದೂರ ಇಲ್ಲ. ಒಂದು ಶನಿವಾರ ಕರೆದುಕೊಂಡು ಹೋದೆ. ಫೇಣೆ ಮನೆ ಎಲ್ಲಿ ಅಂತ ಕೇಳಿದಳು. ಎಲ್ಲ ಕಡೆ ಅಪಾರ್ಟ್‌ಮೆಂಟು. ಒಂದು ಹಳೇ ಹೆಂಚಿನ ಮನೆ ಕಂಡಿತು, ಇದೇ ಅಂದುಬಿಟ್ಟೆ.

ದೊಡ್ಡ ದೊಡ್ಡ ಮಾಯಾಲೋಕಗಳ ಮೇಲೆ ನನಗೊಂದು ಸಣ್ಣ ಅಸಮಾಧಾನ ಇದೆ. ನಕ್ಷೆ ಜಾಸ್ತಿ, ಊರು ಕಡಿಮೆ. ಫೇಣೆ ಓದಿದರೆ ಹಡಪಸರ್ ರಸ್ತೆಯ ಮೇಲೆ ಪ್ರೀತಿ ಬರುತ್ತದೆ. ಹಡಪಸರ್ ರಸ್ತೆ ಮೇಲೆ, ನೆನಪಿರಲಿ.

ಬಂದರಿನ ಬೆಕ್ಕು (ವಾಸ್ಕೊ)

ನಕ್ಷೆಯೂ ಇದ್ದು ಊರೂ ಇರೋದು ಬೇಕಾದರೆ ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’. 2019ರಲ್ಲಿ ಬಂದದ್ದು, ನನಗಿದು ಎರಡನೇ ಸಲ. ಲಿಸ್ಬನ್ನಿನ ಹುಡುಗ ಗೇಬ್ರಿಯಲ್, ಪ್ರೀತಿಸಿದವಳನ್ನು ಮದುವೆಯಾಗಲು ದುಡ್ಡು ಬೇಕು ಅಂತ ಹಡಗು ಹತ್ತುತ್ತಾನೆ. ಮಾಯ ಮಂತ್ರ ಅಲ್ಲ, ಇತಿಹಾಸ. ಆದರೆ ಹಡಗಿನ ಭಾಗ ಓದುವಾಗ ಅದು ಯಾವ ಮಾಯಾಲೋಕಕ್ಕೂ ಕಡಿಮೆ ಅನಿಸಲಿಲ್ಲ. ನಾನು ಬಂದರಿನಲ್ಲಿ ಕೆಲಸ ಮಾಡುವವನು. ದಿನಾ ಹಡಗು ನೋಡಿ ನೋಡಿ ಬೇಜಾರು ಬಂದಿತ್ತು. ಈಗ ಊಟದ ಬಿಡುವಿನಲ್ಲಿ ಕಟ್ಟೆ ಮೇಲೆ ಕೂತು ನೋಡುತ್ತೇನೆ. ಆಗಿನವರು ಮರದ ಹಡಗಿನಲ್ಲಿ ತಿಂಗಳುಗಟ್ಟಲೆ ಹೇಗೆ ಬದುಕಿದರೋ.

ಪೋರ್ಚುಗೀಸರ ಆಲ್ಬುಕರ್ಕ್ ಗೋವಾ ಹಿಡಿದದ್ದು 1510ರಲ್ಲಿ, ಅದೂ ಎರಡು ಸಲ. ಒಮ್ಮೆ ಹಿಡಿದು, ಬಿಟ್ಟು ಓಡಿ, ನವೆಂಬರಿನಲ್ಲಿ ಮತ್ತೆ ಬಂದು ಹಿಡಿದ. ಇದನ್ನು ತಿಳಿದುಕೊಂಡು ಹಳೇ ಗೋವಾದ ರಸ್ತೆಯಲ್ಲಿ ನಡೆದರೆ ಕಾಲು ಒಂಥರಾ ಆಗುತ್ತದೆ. ಪುಟ 203. ಬಿಡುವ ಮಾತೇ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಲಾರ್ಡ್ ಆಫ್ ದಿ ರಿಂಗ್ಸ್ ನೂರು ಪುಟ ಓದಿ ಬಿಟ್ಟವನು ನಾನು. ಬರೀ ಹಾಡು ಹೇಳ್ತಾರೆ ಮಾರಾಯ್ರೇ.

ಮಾಟುಂಗದ ಅಜ್ಜ

ಮಗಳೇ, ಒಂದು ಕಂತು ಕಳೆದುಹೋದದ್ದಕ್ಕೆ ಇಷ್ಟು ಗಾಬರಿಯಾ? ನಮ್ಮ ಓದು ನಡೆದದ್ದೇ ಕಳೆದುಹೋದ ಕಂತುಗಳಲ್ಲಿ.

ನಾನು ಹನ್ನೆರಡನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲೊಂದರಲ್ಲಿ ಟೇಬಲ್ ಒರೆಸಲು ನಿಂತವನು. ರಾತ್ರಿ ಕನ್ನಡ ಶಾಲೆ. ಓದಲು ಸಿಕ್ಕಿದ್ದು ರದ್ದಿ ಅಂಗಡಿಯ ‘ಚಂದಮಾಮ’. ಅದು ಕನ್ನಡದಲ್ಲಿ 1949ರಿಂದ ಬರುತ್ತಿತ್ತು, ಹಾಗಾಗಿ ರದ್ದಿಗೆ ಕೊರತೆ ಇರಲಿಲ್ಲ. ಆದರೆ ಸಾಲಾಗಿ ಎಲ್ಲಿ ಸಿಗಬೇಕು? ಬೇತಾಳನ ಕತೆಗೆ ತೊಂದರೆ ಇಲ್ಲ. ರಾಜ ಮೌನ ಮುರಿದ, ಬೇತಾಳ ಹಾರಿ ಮರಕ್ಕೆ ಹೋಯಿತು, ಯಾವ ತಿಂಗಳಿನದಾದರೇನು. ಧಾರಾವಾಹಿಯದ್ದೇ ಪೇಚು. ಮಾರ್ಚ್ ಸಂಚಿಕೆಯಲ್ಲಿ ರಾಜಕುಮಾರ ಮೊಸಳೆ ಬಾಯಲ್ಲಿ. ಏಪ್ರಿಲ್ ಇಲ್ಲ. ಮೇ ತಿಂಗಳಲ್ಲಿ ಆನೆ ಮೇಲೆ ಕೂತಿದ್ದಾನೆ. ನಡುವೆ ಏನಾಯಿತು? ರಾತ್ರಿ ಬೆಂಚು ಜೋಡಿಸಿ ಮಲಗಿದಾಗ ನಾವು ನಾಲ್ಕು ಹುಡುಗರು ಏಪ್ರಿಲ್ ತಿಂಗಳನ್ನು ಹೇಳಿಕೊಳ್ಳುತ್ತಿದ್ದೆವು. ಒಬ್ಬೊಬ್ಬನದು ಒಂದೊಂದು ಏಪ್ರಿಲ್. ಮುಂದೆ ಒಂದು ಸಲ ನಿಜವಾದ ಏಪ್ರಿಲ್ ಸಿಕ್ಕಿತು. ನಮ್ಮದೇ ಚೆನ್ನಾಗಿತ್ತು.

ಈಗ ಕೈಯಲ್ಲಿರುವುದು ಜೂಲ್ಸ್ ವರ್ನ್ ಅವರ ಎಂಬತ್ತು ದಿನಗಳ ಭೂಪ್ರದಕ್ಷಿಣೆ, ಇಂಗ್ಲಿಷಿನಲ್ಲಿ, ಭೂತಗನ್ನಡಿ ಹಿಡಿದು, ದಿನಕ್ಕೆ ನಾಲ್ಕು ಪುಟ. ಸದ್ಯ 71. ಯಾಕೆಂದರೆ ಅದರಲ್ಲಿ ನಮ್ಮ ಮುಂಬಯಿ ಇದೆ. 1872ರ ಅಕ್ಟೋಬರ್ 20ಕ್ಕೆ ಫಿಲಿಯಾಸ್ ಫಾಗ್ ಇಲ್ಲಿ ಇಳಿಯುತ್ತಾನೆ, ಎರಡು ದಿನ ಮುಂಚಿತವಾಗಿಯೇ. ಅವನ ಸೇವಕ ಮಲಬಾರ್ ಹಿಲ್ ದೇವಸ್ಥಾನಕ್ಕೆ ಬೂಟು ಹಾಕಿಕೊಂಡೇ ನುಗ್ಗಿ ಪೂಜಾರಿಗಳಿಂದ ಪೆಟ್ಟು ತಿನ್ನುತ್ತಾನೆ. ಬೂಟು ಅಲ್ಲೇ ಉಳಿಯಿತು. ಬರಿಗಾಲಲ್ಲಿ ಓಡಿ ರೈಲು ಹಿಡಿದ. ಮುಂದೆ ಹಳಿ ಮುಗಿಯುತ್ತದೆ, ಎರಡು ಸಾವಿರ ಪೌಂಡ್ ಕೊಟ್ಟು ಆನೆ ಕೊಳ್ಳುತ್ತಾರೆ. ನಿಜಕ್ಕೂ ಮುಂಬಯಿ–ಕಲ್ಕತ್ತಾ ಹಳಿ 1870ರಲ್ಲೇ ಕೂಡಿತ್ತು. ಕತೆಗೆ ಆನೆ ಬೇಕು ಅಂತ ಆ ಪುಣ್ಯಾತ್ಮ ಹಳಿ ಕಿತ್ತ. ಭಾರತಕ್ಕೆ ಒಮ್ಮೆಯೂ ಬಂದವನಲ್ಲ, ಧೈರ್ಯ ನೋಡು!

ಆ ಬೂಟು ಆಮೇಲೆ ಕಲ್ಕತ್ತಾದ ಕೋರ್ಟಿನಲ್ಲಿ ಸಾಕ್ಷಿಯಾಗಿ ಮೇಜಿನ ಮೇಲೆ ಬರುತ್ತದೆ. ನಿನ್ನ ಐದನೇ ತುಂಡೂ ಈಗ ಕಸಾರಾದಲ್ಲೋ ಕರ್ಜತ್‌ನಲ್ಲೋ ಯಾರ ಮೇಜಿನ ಮೇಲಿದೆಯೋ.

ಆರು ಓದಬೇಡ, ಸರಿ, ಪುಣೆಯವರ ಮಾತು ಕೇಳು. ಆದರೆ ಐದು ಸಿಗುವ ತನಕ ಸುಮ್ಮನೆ ಕೂರಬೇಡ. ನಿನ್ನ ಬಟಾಣಿ ತಾಯಿಯ ಹತ್ತಿರ ಕೇಳು, ಏನಾಗಿರಬಹುದು ಅಂತ. ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದವರಲ್ಲಿ ನಾನೂ ನೋಡುತ್ತೇನೆ. ಬಿಡಿ ಸಂಪುಟಗಳಲ್ಲಿ ಮೂರನೆಯದು ಸಿಕ್ಕರೆ ಐದೂ ಆರೂ ಅದರೊಳಗೇ ಬರುತ್ತವೆ. ಕತ್ತರಿಸುವುದಿಲ್ಲ ಅಂತ ಮಾತು ಕೊಟ್ಟರೆ ಮಾತ್ರ ಕೊಡುವುದು.

ನಾಲ್ಕನೇ ಸೀಟು (ಡೊಂಬಿವಲಿ)

ಅಜ್ಜಾ, ಕತ್ತರಿಸುವುದಿಲ್ಲ. ಮೂರನೇ ಸಂಪುಟ ತೆಳ್ಳಗಿದ್ದರೆ ಮಾತ್ರ ಈ ಮಾತು ನಡೆಯುತ್ತದೆ.

ನಿಮ್ಮ ಮಾತಿನಂತೆ ನಿನ್ನೆ ಸಂಜೆ ಕೇಳಿದೆ. ಐದನೇದು ಇಲ್ಲ, ನೀವೇ ಹೇಳಿ, ಮುಂದೇನಾಯ್ತು ಅಂತ. ದಾದರ್‌ನಿಂದ ಶುರುವಾದದ್ದು ಡೊಂಬಿವಲಿ ಬಂದರೂ ಮುಗಿಯಲಿಲ್ಲ. ಒಬ್ಬರು ಬಿಳಿಗಡ್ಡದ ಮಂತ್ರವಾದಿಯನ್ನು ಕುದುರೆ ಸಮೇತ ಕೊಂದರು. ಇನ್ನೊಬ್ಬರು ಕಿವಿಯೋಲೆ ಹಿಡಿದುಕೊಂಡು ಅಳುವಷ್ಟಾದರು, ಅವನನ್ನು ಬದುಕಿಸಿದೆವು. ಕೊನೆಗೆ ಬಟಾಣಿ ತಾಯಿ ಬಾಯಿ ಬಿಟ್ಟರು. ‘ಅದೆಲ್ಲ ಇರಲಿ. ಆ ರಾಜ ಒಬ್ಬಳು ಹುಡುಗಿಯನ್ನು ಊರು ನೋಡ್ಕೊ ಅಂತ ಬಿಟ್ಟುಹೋದ ಅಂದಿದ್ದೆಯಲ್ಲ, ಕತ್ತಿ ಬರುತ್ತಿದ್ದವಳು. ಅವಳು ಮನೇಲೇ ಕೂತಿರ್ತಾಳಾ? ಗಂಡಸಿನ ಬಟ್ಟೆ ಹಾಕ್ಕೊಂಡು ಹೋಗಿರ್ತಾಳೆ. ಎಲ್ಲಕ್ಕಿಂತ ದೊಡ್ಡ ರಾಕ್ಷಸನನ್ನು ಅವಳೇ ಹೊಡೀತಾಳೆ. ಬೇರೆ ಯಾರ ಕೈಲೂ ಆಗಲ್ಲ.’

ನಾನು ನಕ್ಕೆ. ತಾಯೀ, ಇದು 1954ರ ಕತೆ, ಬರೆದದ್ದು ಆಕ್ಸ್‌ಫರ್ಡಿನ ಮೇಷ್ಟ್ರು, ಅಷ್ಟೆಲ್ಲ ಆಸೆ ಇಟ್ಕೋಬೇಡಿ ಅಂದೆ.

ಎಬಿಸಿ ಚೌಕ್ (ಪುಣೆ)

ಟ್ಟಾಕ್!

ಏನೂ ಹೇಳಲ್ಲ. ಕತೆ ಬಿಟ್ಟುಕೊಡಬೇಡಿ ಅಂದಿದ್ದೀರಿ. ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಅಜ್ಜಾ, ಕಿಂಗ್ಸ್ ಸರ್ಕಲ್‌ಗೆ ನಾಳೆ ಅಲ್ಲ, ಇವತ್ತೇ ಹೋಗ್ರಿ.