ಅಪ್‌ಡೇಟ್: ಅಮ್ಮನ ಬಿಪಿ ಮಾತ್ರೆ ಮತ್ತು ಜ್ಯೇಷ್ಠಮಧು ಕಷಾಯ

ಹೈಡ್ರೋಕ್ಲೋರೋಥಯಜೈಡ್ (ಮೂತ್ರ ಹೆಚ್ಚಿಸುವ ಔಷಧ) ಇರುವ ಬಿಪಿ ಮಾತ್ರೆಯ ಜೊತೆ ಅಮ್ಮ ಕೆಮ್ಮಿಗೆ ದಿನಾ ಜ್ಯೇಷ್ಠಮಧು ಕಷಾಯ ಕುಡಿಯಬಹುದೇ ಎಂದು ಕೇಳಿದ್ದೆ. ರಕ್ತ ಪರೀಕ್ಷೆ ಮಾಡಿಸಿ ಎಂದವರಿಗೆಲ್ಲ ಮನಸಾರೆ ಧನ್ಯವಾದ. ಪೊಟ್ಯಾಸಿಯಂ 3.1 ಬಂತು, 3.5ಕ್ಕಿಂತ ಕಡಿಮೆ ಇರಬಾರದಂತೆ. ಕಾಲು ಸೆಳೆತ, ಸುಸ್ತು ಎಲ್ಲ ವಯಸ್ಸಿನದ್ದು ಅಂದುಕೊಂಡಿದ್ದರು ಪಾಪ.

ಡಾಕ್ಟರ್ ಬಿಡಿಸಿ ಹೇಳಿದರು: ಜ್ಯೇಷ್ಠಮಧುವಿನ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸೋಲ್ ಇನ್ನೊಂದು ಹಾರ್ಮೋನ್ ಆದ ಆಲ್ಡೋಸ್ಟಿರೋನ್‌ನಂತೆ ವರ್ತಿಸಿ ಉಪ್ಪು, ನೀರು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ಮಾತ್ರೆಯೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಬಿಪಿ ಹತೋಟಿಗೆ ಬರದಿದ್ದುದಕ್ಕೂ ಇದೇ ಕಾರಣವಿರಬಹುದಂತೆ. ಡಿಗಾಕ್ಸಿನ್ ಎಂಬ ಹೃದಯದ ಔಷಧ ತೆಗೆದುಕೊಳ್ಳುವವರಿಗಂತೂ ಪೊಟ್ಯಾಸಿಯಂ ಇಳಿದರೆ ಹೃದಯದ ಲಯವೇ ತಪ್ಪಬಹುದು, ದಯವಿಟ್ಟು ಗಮನಿಸಿ.

ಕಷಾಯ ನಿಲ್ಲಿಸಿದ್ದೇವೆ. ಪರಿಣಾಮ ಇಳಿಯಲು ಒಂದೆರಡು ವಾರ ಬೇಕಾಗಬಹುದು, ಆಮೇಲೆ ಮತ್ತೆ ಪರೀಕ್ಷೆ.