ಅಪ್‌ಡೇಟ್: ಫೈಟರ್‌ಗೆ ಮಂತ್ರ ತಡಿಯೋ ಶಕ್ತಿ ಸಿಕ್ತು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೂ ದಾಳ ಉರುಳಿಸಿ ಪಾತ್ರ ಆಡೂ ಆಟದಾಗ ನಮ್ಮ ತಮ್ಮನ ಫೈಟರ್ (ಯೋಧನ ಪಾತ್ರ) ಮಂತ್ರಕ್ಕ ಸಿಕ್ಕು ಬೀಳತಾನ, ಏನ್ ಮಾಡೂದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲಾರಿಗೂ ಶರಣು.

ಎಲ್ಲಾ ಮಂತ್ರಕ್ಕೂ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನ ಹಿಡಿಯೂದು) ಕೊಡಬ್ಯಾಡ್ರಿ ಅಂದವರ ಮಾತು ಖರೇ. ಹಂಗ ಕೊಟ್ರ ಎದುರಾಳಿ ಮಾಂತ್ರಿಕಗ ಕೆಲಸಾನ ಉಳಿಯೂದಿಲ್ಲ. ಫೈಟರ್‌ಗೆ ಸ್ಟ್ರೆಂಗ್ತ್ (ಬಲ), ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್, ಅಂದ್ರ ಅಪಾಯ ತಪ್ಪಿಸಿಕೊಳ್ಳಾಕ ಉರುಳಿಸೂ ದಾಳ, ಮೊದಲ ಗಟ್ಟಿ. ಅಂವ ಸೋಲೂದು ವಿಸ್ಡಮ್ (ವಿವೇಕ) ಸೇವ್‌ನಾಗ. ಅದಕ್ಕ 9ನೇ ಲೆವೆಲ್‌ಗೆ ಫೈಟರ್‌ಗೆ ಸಿಗೂ ಇಂಡಾಮಿಟಬಲ್ ಅನ್ನೂ ಶಕ್ತಿ ಹಿಡದ್ವಿ. 2014ರ ನಿಯಮದಾಗ ಸೋತ ಸೇವ್ ಮತ್ತೊಮ್ಮೆ ಉರುಳಿಸಬಹುದು, ಅಷ್ಟ. 2024ರ ನಿಯಮದಾಗ ಅದಕ್ಕ ಫೈಟರ್ ಲೆವೆಲ್ಲೂ ಕೂಡತೈತಿ. ಈ ಒಂದು ಮಾತು ಭಾಳ ಫರಕ್ ಮಾಡತೈತಿ!

ಐತವಾರ ಬಾಗಲಕೋಟಿ ನವನಗರದಾಗ ಆಡಿದ್ವಿ. ಹೋಲ್ಡ್ ಪರ್ಸನ್ (ಅಲ್ಲಾಡದಂಗ ಹಿಡಿಯೂ ಮಂತ್ರ) ಬಿದ್ದಾಗ ತಮ್ಮ ಮೊದಲ 4 ಹಾಕಿದ, ಎರಡನೇದು 11. ಮ್ಯಾಲೆ 2024ರ ನಿಯಮದಂಗ ಫೈಟರ್ ಲೆವೆಲ್ 9 ಕೂಡಿ 20. ಮಂತ್ರ ಹರಕೊಂಡು ನಿಂತ, ಎಲ್ಲಾರೂ ಕೂಗಿದ್ವಿ. 13ನೇ ಲೆವೆಲ್‌ಗೆ ಇದು ಎರಡು ಸಲ ಸಿಗತೈತಿ. ಅಲ್ಲೀತನಕ ಹಿಂಗ ಆಡತೀವಿ.